ಮಕ್ಕಳ ಸ್ಕೂಬಾ ಕಲಿಕೆ: ಸಲಕರಣೆಗಳನ್ನು ಆರಿಸುವ ಮುನ್ನ

ಜೂನ್ ತಿಂಗಳಲ್ಲಿ ಸಮವಸ್ತ್ರ ಹೊಲಿಸುವಾಗ ‘ಬೆಳೆಯುವ ಮಗು, ಒಂದಿಂಚು ದೊಡ್ಡದೇ ಇರಲಿ’ ಎಂದು ದರ್ಜಿಗೆ ಹೇಳದ ಮನೆ ನಮ್ಮಲ್ಲಿ ವಿರಳ. ಮಿತವ್ಯಯದ ಈ ಅಭ್ಯಾಸ ಬಟ್ಟೆಗೆ ಒಪ್ಪುತ್ತದೆ. ಆದರೆ ಸಮುದ್ರದೊಳಗೆ ಉಸಿರಾಡುತ್ತ ಈಜುವ ಸ್ಕೂಬಾ ಡೈವಿಂಗ್‌ಗೆ ಅದು ಒಪ್ಪುವುದಿಲ್ಲ. ಅಲ್ಲಿ ಮಗು ಧರಿಸುವ ಪ್ರತಿಯೊಂದು ವಸ್ತುವೂ ಇಂದಿನ ಮೈಯಳತೆಗೆ ಸರಿಹೊಂದಬೇಕು. ಮುಂದಿನ ವರ್ಷದ ಅಳತೆಗೆಂದು ಕೊಂಡದ್ದು ಈ ವರ್ಷ ಅಪಾಯಕ್ಕೆ ದಾರಿಯಾಗಬಹುದು.

ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪದ ಸುತ್ತಲೂ, ಗೋವೆಯ ಗ್ರಾಂಡ್ ದ್ವೀಪದ ಬಳಿಯೂ ಡೈವಿಂಗ್ ನಡೆಯುತ್ತದೆ. ಕಾಸರಗೋಡಿನ ಮತ್ತು ಗೋವೆಯ ಕನ್ನಡ ಕುಟುಂಬಗಳಿಗೆ ಇವು ದೂರದ ಊರುಗಳಲ್ಲ. ರಜೆಯಲ್ಲಿ ಒಮ್ಮೆ ಮುಳುಗಿ ಬಂದ ಮಗು ‘ನಾನಿದನ್ನು ಕಲಿಯಬೇಕು’ ಎಂದು ಹಟ ಹಿಡಿದಾಗ ಹೆತ್ತವರು ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂಬುದನ್ನು ನಾವು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲು ವಯಸ್ಸಿನ ಮಾತು. ಜಗತ್ತಿನ ಅನೇಕ ಕಡೆ ಪಾಲನೆಯಲ್ಲಿರುವ ಪ್ಯಾಡಿ ಸಂಸ್ಥೆಯ ನಿಯಮದಂತೆ 8 ವರ್ಷ ತುಂಬಿದ ಮಗು 2 ಮೀಟರ್ ಮೀರದ ಆಳದಲ್ಲಿ ಮಾತ್ರ ಸ್ಕೂಬಾ ಉಸಿರಾಟದ ಅನುಭವ ಪಡೆಯಬಹುದು. 10 ವರ್ಷ ತುಂಬಿದವರು ಕಿರಿಯರ ಓಪನ್ ವಾಟರ್ ಪ್ರಮಾಣಪತ್ರಕ್ಕೆ ಕಲಿಯಬಹುದು. 10–11ರ ಮಕ್ಕಳಿಗೆ ಆಳದ ಮಿತಿ 12 ಮೀಟರ್. 12ರಿಂದ 14ರವರೆಗೆ 18 ಮೀಟರ್. ಈ ವಯಸ್ಸಿನಲ್ಲಿ ಮಗು ಒಂಟಿಯಾಗಿ ಅಥವಾ ಸಮವಯಸ್ಕ ಗೆಳೆಯನೊಡನೆ ಮುಳುಗುವಂತಿಲ್ಲ. ಅರ್ಹ ಹಿರಿಯರು ಜೊತೆಗಿರಲೇಬೇಕು.

ಮಾಸ್ಕ್: ಮೊದಲು ಕೊಳ್ಳಬೇಕಾದುದು

ಸ್ವಂತಕ್ಕೆ ಕೊಳ್ಳಲು ಯೋಗ್ಯವಾದ ಮೊದಲ ವಸ್ತು ಮಾಸ್ಕ್. ಮುಖದ ಆಕಾರ ಒಬ್ಬೊಬ್ಬರದು ಒಂದೊಂದು ಬಗೆ. ಬಾಡಿಗೆಗೆ ಸಿಗುವ ಮಾಸ್ಕ್ ಮಗುವಿನ ಮುಖಕ್ಕೆ ಕೂರುತ್ತದೆಂಬ ಭರವಸೆಯಿಲ್ಲ. ಕೆರೆಯಲ್ಲಿ, ಈಜುಕೊಳದಲ್ಲಿ ಬಳಸುವ ಈಜು ಕನ್ನಡಕ ಡೈವಿಂಗ್‌ಗೆ ಸರ್ವಥಾ ಸಲ್ಲದು. ಆಳಕ್ಕಿಳಿದಂತೆ ನೀರಿನ ಒತ್ತಡ ಹೆಚ್ಚಿ ಕನ್ನಡಕವನ್ನು ಕಣ್ಣಿಗೆ ಒತ್ತುತ್ತದೆ. ಮಾಸ್ಕ್‌ನೊಳಗೆ ಮೂಗು ಇರುವುದರಿಂದ ಮೂಗಿನಿಂದ ತುಸು ಗಾಳಿ ಬಿಟ್ಟು ಆ ಒತ್ತಡವನ್ನು ಸರಿದೂಗಿಸಬಹುದು. ಈಜು ಕನ್ನಡಕದಲ್ಲಿ ಅದಕ್ಕೆ ದಾರಿಯೇ ಇಲ್ಲ. ಇಡೀ ಮುಖ ಮುಚ್ಚುವ, ಮೇಲೆ ಕೊಳವೆಯಿರುವ ಹೊಸ ಬಗೆಯ ಮಾಸ್ಕ್‌ಗಳೂ ನೀರಿನ ಮೇಲ್ಮೈಗೆ ಮಾತ್ರ. ಅವುಗಳಲ್ಲಿ ಉಸಿರಾಟದ ರೆಗ್ಯುಲೇಟರನ್ನು ಬಾಯಿಗಿಡಲಾಗದು.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಸರಳ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮಗುವಿನ ಮುಖಕ್ಕಿಟ್ಟು, ಮೂಗಿನಿಂದ ಮೆಲ್ಲಗೆ ಉಸಿರು ಎಳೆಯಲು ಹೇಳಿ. ಕೈಬಿಟ್ಟರೂ ಮಾಸ್ಕ್ ಕೆಲಕ್ಷಣ ಮುಖದಲ್ಲೇ ನಿಂತರೆ ಅಳತೆ ಸರಿ. ಜಾರಿದರೆ ಅಥವಾ ಗಾಳಿ ಸೋರಿದರೆ ಬೇರೊಂದು ನೋಡಿ. ಪಟ್ಟಿಯನ್ನು ಬಿಗಿದು ಸೋರಿಕೆ ನಿಲ್ಲಿಸುವ ಸಲಹೆಯನ್ನು ಒಪ್ಪಬೇಡಿ. ಹಣೆಯ ಕೂದಲಿನ ಒಂದೆಳೆ ಅಂಚಿನಡಿ ಸಿಕ್ಕಿದರೂ ನೀರು ನುಗ್ಗುತ್ತದೆ. ಜಡೆಯ ಹೆಣ್ಣುಮಕ್ಕಳ ಮುಂಗೂದಲನ್ನು ಹಿಂದಕ್ಕೆ ಕಟ್ಟಿಯೇ ಪರೀಕ್ಷಿಸಬೇಕು. ಗಾಜು ಹದಗೊಳಿಸಿದ್ದು, ಅಂದರೆ ಟೆಂಪರ್ಡ್ ಆಗಿರಬೇಕು. ಅಂಚು ಮೃದು ಸಿಲಿಕೋನ್‌ನದಾಗಿರಬೇಕು. ಮೂಗಿನ ಭಾಗವನ್ನು ಮಗು ತನ್ನ ಬೆರಳುಗಳಿಂದಲೇ ಹಿಂಡಲು ಬರಬೇಕು. ಕಿವಿಯ ಒತ್ತಡ ನೀಗುವುದು ಅದರಿಂದಲೇ. ಕನ್ನಡಕ ಧರಿಸುವ ಮಕ್ಕಳಿಗೆ ಅವರ ಕಣ್ಣಿನ ಸಂಖ್ಯೆಗೆ ತಕ್ಕ ಗಾಜು ಕೂರಿಸಬಹುದಾದ ಮಾಸ್ಕ್‌ಗಳಿವೆ.

ಎರಡನೆಯದು ಕಾಲಿನ ಫಿನ್. ಬರಿಗಾಲಿಗೆ ಬೂಟಿನಂತೆ ಹೊಂದುವ ಬಗೆ ಒಂದು. ಹಿಮ್ಮಡಿ ತೆರೆದು ಪಟ್ಟಿ ಬಿಗಿಯುವ ಬಗೆ ಮತ್ತೊಂದು. ಬೆಳೆಯುವ ಪಾದಕ್ಕೆ ಎರಡನೆಯದು ತುಸು ಹೆಚ್ಚು ಕಾಲ ಬಾಳುತ್ತದೆ. ಮಿತವ್ಯಯಕ್ಕೆ ಅವಕಾಶವಿರುವ ಕಡೆ ಇದೊಂದೇ ಎನ್ನಬಹುದು. ಉದ್ದನೆಯ, ಗಡುಸಾದ ಫಿನ್ ಎಳೆಯ ಕಾಲಿನ ಮೀನಖಂಡಕ್ಕೆ ಸೆಳೆತ ತರುತ್ತದೆ. ಸ್ನಾರ್ಕೆಲ್ ಕೊಳವೆಯೂ ಮಕ್ಕಳದ್ದೇ ಆಗಿರಲಿ: ಉದ್ದ ಮತ್ತು ಅಗಲದ ಕೊಳವೆಯಲ್ಲಿ ಬಿಟ್ಟ ಉಸಿರೇ ಉಳಿದು ಮರಳಿ ಒಳಸೇರುತ್ತದೆ.

ಬಾಡಿಗೆಗೆ ಪಡೆಯಬೇಕಾದವು

ತೇಲುವಿಕೆಯನ್ನು ಹದದಲ್ಲಿಡುವ ಜಾಕೆಟ್ (ಬಿ.ಸಿ.ಡಿ.), ರೆಗ್ಯುಲೇಟರ್, ಸಿಲಿಂಡರ್ – ಈ ಮೂರನ್ನೂ ಕಲಿಕೆಯ ವರ್ಷಗಳಲ್ಲಿ ಕೊಳ್ಳದಿರುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಇವು ದುಬಾರಿ, ನಿಯತ ತಪಾಸಣೆ ಬೇಡುವಂಥವು. ಜಾಕೆಟ್ಟಂತೂ ಮಗು ಬೆಳೆದಂತೆ ಮೂಲೆ ಸೇರುತ್ತದೆ. ಆದರೆ ಬಾಡಿಗೆಯೆಂದರೆ ಕೊಟ್ಟದ್ದನ್ನು ತೊಡುವುದಲ್ಲ. ಕೇಂದ್ರದಲ್ಲಿ ಮಕ್ಕಳ ಅಳತೆಯವು ಇವೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿ.

ಜಾಕೆಟ್ಟನ್ನು ತೊಡಿಸಿ ಪೂರ್ತಿ ಗಾಳಿ ತುಂಬಿಸಿ ನೋಡಬೇಕು. ಆಗ ಅದು ಎದೆಯನ್ನು ಅದುಮಿ ಉಸಿರಾಟಕ್ಕೆ ತೊಡಕಾಗಬಾರದು. ಭುಜದ ಬಳಿ ಮೇಲಕ್ಕೆತ್ತಿದರೆ ಗಲ್ಲದವರೆಗೆ ಜರುಗಲೂಬಾರದು. ಸಡಿಲ ಜಾಕೆಟ್ ನೀರಿನ ಮೇಲೆ ತಾನು ತೇಲುತ್ತದೆ, ಮಗುವಿನ ಮುಖ ಮಾತ್ರ ಅದರೊಳಗೆ ಕುಸಿಯುತ್ತದೆ. ಗಾಳಿ ತುಂಬುವ ಮತ್ತು ಬಿಡುವ ಗುಂಡಿಗಳಿಗೆ ಮಗುವಿನ ಕೈ ತಾನಾಗಿ ತಲುಪಬೇಕು. ರೆಗ್ಯುಲೇಟರ್‌ಗೆ ಚಿಕ್ಕ ಬಾಯಿತುಂಡು ಹಾಕಿಸಿ. ಹಾಲುಹಲ್ಲು ಬೀಳುತ್ತಿರುವ ಅಥವಾ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಮಗು ದೊಡ್ಡವರ ಬಾಯಿತುಂಡನ್ನು ಹೆಚ್ಚು ಹೊತ್ತು ಕಚ್ಚಿ ಹಿಡಿಯಲಾರದು.

ಸಿಲಿಂಡರ್‌ನಲ್ಲಿರುವುದು, ಪತ್ರಿಕೆಗಳು ಎಷ್ಟೋ ಸಲ ಬರೆಯುವಂತೆ ಬರಿಯ ಆಮ್ಲಜನಕವಲ್ಲ. ಶೋಧಿಸಿ ಒತ್ತಿ ತುಂಬಿದ ಸಾಮಾನ್ಯ ಗಾಳಿ. ವಯಸ್ಕರು ಬಳಸುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್‌ನ ಖಾಲಿ ತೂಕವೇ ಸುಮಾರು 14 ಕಿಲೋ. 30 ಕಿಲೋ ತೂಕದ ಮಗುವಿನ ಬೆನ್ನಿಗೆ ಅದನ್ನು ಹೇರಿ ದೋಣಿಯಲ್ಲಿ ನಿಲ್ಲಿಸುವುದು ತರವಲ್ಲ. ಚಿಕ್ಕ ಸಿಲಿಂಡರ್‌ಗಳು ಸಿಗುತ್ತವೆ. ಅದಿಲ್ಲದೆಡೆ ಸಲಕರಣೆಯನ್ನು ನೀರಿನಲ್ಲೇ ತೊಡಿಸಲು ಕೇಳಿಕೊಳ್ಳಬಹುದು. ಸೊಂಟದ ತೂಕದ ಪಟ್ಟಿ ಮಕ್ಕಳ ಕಿರಿದಾದ ಸೊಂಟದಿಂದ ಜಾರುವುದುಂಟು. ಹಾಗೆಂದು ಗಂಟು ಹಾಕಬೇಡಿ. ಒಂದೇ ಕೈಯಿಂದ ಕ್ಷಣದಲ್ಲಿ ಬಿಚ್ಚುವಂತಿರಬೇಕು.

ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸೆಳೆಯುತ್ತದೆ. ಚಿಕ್ಕ ದೇಹ ಇನ್ನೂ ಬೇಗ ತಣಿಯುತ್ತದೆ. ನಮ್ಮ ಕರಾವಳಿಯ ಬೆಚ್ಚನೆಯ ನೀರಿನಲ್ಲೂ ಮೈಗೆ ಅಂಟಿ ನಿಲ್ಲುವ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ತೊಡಿಸಿ. ಸಡಿಲವಾದರೆ ಒಳಗೆ ನೀರು ಹರಿದಾಡಿ ಸೂಟ್ ನಿಷ್ಪ್ರಯೋಜಕ. ತುಟಿ ನಡುಗಿದರೆ ಅಂದಿನ ಪಾಠ ಮುಗಿಯಿತು.

ಭಾಷೆ ಮತ್ತು ಉಸಿರು

ಸಲಕರಣೆಯಷ್ಟೇ ಮುಖ್ಯವಾದುದು, ಅದರ ಬಳಕೆ ಮಗುವಿಗೆ ತಿಳಿಯುವ ಭಾಷೆಯಲ್ಲಿ ತಿಳಿಯುವುದು. ಪಾಠವೂ ಆರೋಗ್ಯದ ಪ್ರಶ್ನಾವಳಿಯೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದ ಮಗು ತಲೆಯಾಡಿಸಿದ ಮಾತ್ರಕ್ಕೆ ಅರ್ಥವಾಯಿತೆಂದು ಭಾವಿಸದೆ, ‘ಈ ಗುಂಡಿ ಏತಕ್ಕೆ?’ ಎಂದು ಕನ್ನಡದಲ್ಲೇ ಕೇಳಿ, ಮಗುವಿನಿಂದ ಹೇಳಿಸಿ. ಆಸ್ತಮಾ, ಅಪಸ್ಮಾರ, ಕಿವಿಯ ತೊಂದರೆಗಳ ಪ್ರಶ್ನೆಗಳನ್ನು ಓದಿ ತಿಳಿಯದೆ ಸಹಿ ಹಾಕಬೇಡಿ; ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆ ಬೇಕು. ನೆಗಡಿಯಿದ್ದ ದಿನ ಮುಳುಗುವುದು ಬೇಡ. ನೀರೊಳಗಿನ ಸಂಜ್ಞೆಗಳಿಗೆ ಭಾಷೆಯ ಗಡಿಯಿಲ್ಲ, ಆದರೆ ಅಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು.

ಹೊಳೆ ಕೆರೆಗಳಲ್ಲಿ ಈಜು ಕಲಿತ ನಮ್ಮ ಮಕ್ಕಳು ಮುಳುಗು ಹಾಕಿ ಉಸಿರು ಬಿಗಿಹಿಡಿಯುವುದರಲ್ಲಿ ಪಂದ್ಯ ಕಟ್ಟುತ್ತಾರೆ. ಸ್ಕೂಬಾದಲ್ಲಿ ಈ ಜಾಣ್ಮೆಯೇ ಶತ್ರು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೆದ್ದರೆ ಶ್ವಾಸಕೋಶ ಹರಿಯಬಹುದು. ಎಡೆಬಿಡದೆ ಉಸಿರಾಡುತ್ತಿರುವುದು ಮೊದಲ ಪಾಠ.

ವಯನಾಡು, ನೀಲಗಿರಿ, ಹೊಸೂರು, ತಾಳವಾಡಿಯ ಕುಟುಂಬಗಳಿಗೆ ಒಂದು ಪ್ರತ್ಯೇಕ ಸೂಚನೆ. ಡೈವಿಂಗ್ ನಂತರ ವಿಮಾನ ಏರುವ ಮುನ್ನ ಒಂದು ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಮುಳುಗುಗಳಿಗೆ 18 ಗಂಟೆ ಕಾಯಬೇಕೆಂಬ ನಿಯಮವಿದೆ. 600 ಮೀಟರಿಗಿಂತ ಎತ್ತರದ ಘಟ್ಟ ಏರುವುದಕ್ಕೂ ಇದು ಅನ್ವಯಿಸುತ್ತದೆ. ಊಟಿ ಇರುವುದು 2,200 ಮೀಟರಿಗೂ ಮೇಲೆ. ಆದ್ದರಿಂದ ಆ ರಾತ್ರಿ ಕರಾವಳಿಯಲ್ಲೇ ತಂಗುವಂತೆ ಪ್ರಯಾಣ ಯೋಜಿಸಿ. ಮಾಸ್ಕ್, ಫಿನ್‌ಗಳನ್ನು ಅಂದೇ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಲೂ ಆಗ ಸಮಯ ಸಿಗುತ್ತದೆ.