ಅಕ್ಷರ ಸಂಕೇತಪದಗಳು: ಫೋನಿನಲ್ಲಿ ಹೆಸರು ಬಿಡಿಸಿ ಹೇಳುವ ಕ್ರಮ

ದೂರವಾಣಿಯಲ್ಲಾಗಲಿ ರೇಡಿಯೊದಲ್ಲಾಗಲಿ ಹೆಸರೊಂದನ್ನು ತಪ್ಪಿಲ್ಲದೆ ದಾಟಿಸಲು ಒಂದೊಂದು ಅಕ್ಷರಕ್ಕೂ ಗೊತ್ತುಮಾಡಿದ ಪದವೊಂದನ್ನು ಹೇಳುವ ಪದ್ಧತಿಯಿದು. ‘ಬಿ’ಗೆ ಬ್ರಾವೊ, ‘ಡಿ’ಗೆ ಡೆಲ್ಟಾ. ವಿಮಾನ, ಹಡಗು, ಸೇನೆ, ಹ್ಯಾಮ್ ರೇಡಿಯೊಗಳಲ್ಲಿ ಇದು ದಿನನಿತ್ಯದ ಶಿಸ್ತು. ಮನೆಮಂದಿಯ ಮಾತಿನಲ್ಲಿ ಇದೇ ‘ಎಂ ಫಾರ್ ಮೈಸೂರು’ ಎಂದೋ ‘ಷಣ್ಮುಖನ ಷ’ ಎಂದೋ ಬರುತ್ತದೆ.

ಇಂಥ ಪದ್ಧತಿ ಏಕೆ ಬೇಕು ಎಂಬುದಕ್ಕೆ ಲಿಂಗನಮಕ್ಕಿ ಸೀಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಇಲ್ಲಿ ಅಣೆಕಟ್ಟು ಕಟ್ಟಿ ಮುಗಿಯಿತು. ಹಿನ್ನೀರಿನ ಸುತ್ತ ಸಾಗರವಿದೆ, ಹೊಸನಗರವಿದೆ. ಹೊಸನಗರ ತಾಲ್ಲೂಕಿನಲ್ಲೇ ಕೆಳದಿ ಅರಸರ ಬಿದನೂರು, ಈಗಿನ ನಗರವೂ ಇದೆ. ಕರೆ ಅರೆಕ್ಷಣ ತುಂಡಾಗಿ ಮೊದಲ ಎರಡಕ್ಷರ ನುಂಗಿಹೋದರೆ ಹೊಸನಗರ ‘ನಗರ’ವಾಗುತ್ತದೆ. ಸಾಗರದ ಬಾಲವೂ ಅದೇ ‘ಗರ’. ಕಾಡು, ಕಣಿವೆ, ನೀರು ಆವರಿಸಿದ ಈ ನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದು ಹೊಸದಲ್ಲ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳೂ ಹತ್ತಿದರು.

ಸಾಗರ ಜಂಬಗಾರು ರೈಲು ನಿಲ್ದಾಣದ ಸಂಕೇತ ಎಸ್‌ಆರ್‌ಎಫ್. ಇದರ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಫೋನಿನಲ್ಲಿ ಬೇರ್ಪಡಿಸುವುದು ಬಲು ಕಷ್ಟ. ಎರಡಕ್ಕೂ ಮೊದಲು ‘ಎ’ಕಾರ, ಆಮೇಲೆ ಬರಿಯ ಉಸಿರಿನ ಸದ್ದು. ಹಳೆಯ ದೂರವಾಣಿ ತಂತಿ ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ‘ಸ್’ ಸದ್ದಿನ ಬಲವಿರುವುದು ಬಹುಪಾಲು ಅದಕ್ಕಿಂತ ಮೇಲೆ. 4ಜಿ ಕರೆಗಳಲ್ಲಿ ಈ ಮಿತಿ ಸುಮಾರು 7000 ಹರ್ಟ್ಜ್‌ಗೆ ಏರಿದೆಯಾದರೂ ಸಿಗ್ನಲ್ ಕುಂದಿದರೆ ಮಾತೇ ಚೂರುಚೂರಾಗುತ್ತದೆ. ಎಸ್‌ಗೆ ಸಿಯೆರಾ, ಎಫ್‌ಗೆ ಫಾಕ್ಸ್‌ಟ್ರಾಟ್ ಎಂದರೆ ಈ ತೊಡಕಿಲ್ಲ, ಏಕೆಂದರೆ ಪದದ ಅರ್ಧ ಕಿವಿಗೆ ಬಿದ್ದರೂ ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ.

ಮೊದಲ ಮಹಾಯುದ್ಧದ ಬ್ರಿಟಿಷ್ ಸಿಗ್ನಲ್ ಪಡೆಯವರು ‘ಎ’ಗೆ ಆ್ಯಕ್, ‘ಪಿ’ಗೆ ಪಿಪ್ ಎನ್ನುತ್ತಿದ್ದರು. ಎರಡನೆಯ ಯುದ್ಧದ ಹೊತ್ತಿಗೆ ಏಬಲ್, ಬೇಕರ್ ಪಟ್ಟಿ ಬಂತು. ಆದರೆ ಅವೆಲ್ಲ ಇಂಗ್ಲಿಷ್ ನಾಲಿಗೆಗೆ ಹೊಂದುವ ಪದಗಳು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಝಾನ್ ಪಾಲ್ ವಿನೇ ಅವರ ನೆರವಿನಿಂದ ರೂಪುಗೊಂಡ ಪಟ್ಟಿ 1951ರಲ್ಲಿ ನಾಗರಿಕ ವಿಮಾನಯಾನಕ್ಕೆ ಬಂತು. ಬಳಕೆಯಲ್ಲಿ ಎಡವಿದ ಕೆಲವು ಪದಗಳನ್ನು ಬದಲಿಸಿ, ‘ಎಂ’ಗಿದ್ದ ಮೆಟ್ರೊ ಮೈಕ್ ಆಗಿ, ‘ಎನ್’ಗಿದ್ದ ನೆಕ್ಟರ್ ನವೆಂಬರ್ ಆಗಿ, ಈಗಿನ ರೂಪ 1956ರ ಮಾರ್ಚ್ 1ರಂದು ಜಾರಿಯಾಯಿತು. ಲಿಂಗನಮಕ್ಕಿಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವವರಿಗೆ ಈ ಎರಡು ಪದಗಳೇ ದೊಡ್ಡ ಆಸರೆ. ಭಾರತದ ವಿಮಾನಗಳ ನೋಂದಣಿ ‘ವಿಕ್ಟರ್ ಟ್ಯಾಂಗೊ’ ಎಂದೂ ಹ್ಯಾಮ್ ಕರೆಸಂಕೇತಗಳು ಬಹುಮಟ್ಟಿಗೆ ‘ವಿಕ್ಟರ್ ಯೂನಿಫಾರ್ಮ್’ ಎಂದೂ ಆರಂಭವಾಗುವುದು ಈ ಪಟ್ಟಿಯಿಂದಲೇ.

ಕನ್ನಡದ ಸಂಗತಿ ಬೇರೆ, ಮತ್ತು ಹೆಚ್ಚು ಸ್ವಾರಸ್ಯದ್ದು. ಕಾಗುಣಿತ ಬಾಯಿಪಾಠ ಮಾಡಿದ ಪ್ರತಿಯೊಬ್ಬರ ಬಳಿಯೂ ಅಕ್ಷರ ಬಿಡಿಸುವ ಸಿದ್ಧ ಸಾಧನವಿದೆ: ಲ ಗುಡಿಸು, ಸೊನ್ನೆ, ಗ, ನ, ಮ, ಕ ಗುಡಿಸು, ಅದಕ್ಕೆ ಕ ಒತ್ತು. ತಲಕಟ್ಟು, ಇಳಿ, ಕೊಂಬು, ಏತ್ವ ಎಂಬ ಹೆಸರುಗಳು ಒಂದಕ್ಕೊಂದು ಸ್ವಲ್ಪವೂ ಹೋಲುವುದಿಲ್ಲ. ಹಾಗಾಗಿ ಸ್ವರಚಿಹ್ನೆಯಲ್ಲಿ ಗೊಂದಲ ಕಡಿಮೆ. ತೊಂದರೆಯಿರುವುದು ವ್ಯಂಜನಗಳಲ್ಲಿ. ಪ, ತ, ಟ, ಕ ಎಲ್ಲವೂ ಒಂದೇ ಅಕಾರದಲ್ಲಿ ಮುಗಿಯುತ್ತವೆ. ಅಲ್ಪಪ್ರಾಣ ಮಹಾಪ್ರಾಣದ ಅಂತರ ಗಾಳಿಯಲ್ಲೇ ಕರಗುತ್ತದೆ. ಶ, ಷಗಳಲ್ಲಿ ತೊಡಕಿರುವುದು ತಂತಿಯಲ್ಲಲ್ಲ, ಆಡುಮಾತಿನಲ್ಲೇ ಬಹುಮಂದಿ ಅವನ್ನು ಒಂದೇ ಬಗೆಯಲ್ಲಿ ಉಚ್ಚರಿಸುತ್ತಾರೆ. ಅದಕ್ಕೇ ಶಂಕರನ ಶ, ಷಣ್ಮುಖನ ಷ, ಗಣಪತಿಯ ಣ, ಹಳ್ಳಿಯ ಳ ಎಂಬ ಜಾಣ್ಮೆಯ ಪರಿಹಾರಗಳು ಜನರ ಬಾಯಲ್ಲಿ ತಾವಾಗಿ ಬೆಳೆದಿವೆ. ಇವುಗಳಿಗೆ ಶಾಲೆಯಲ್ಲೂ ಕಚೇರಿಯಲ್ಲೂ ತಕ್ಕ ಜಾಗ ಸಿಗಬೇಕು.

ಅಂಕಿಗಳೂ ಮೋಸಮಾಡುತ್ತವೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ‘ಹತ್ತೊಂಬತ್ತು’ ಎನ್ನುವಾಗ ತಲೆಯ ‘ಹ’ ಕೇಳಿಸದಿದ್ದರೆ ಎದುರಿನವರು ‘ತೊಂಬತ್ತು’ ಎಂದು ಬರೆದುಕೊಂಡಾರು. ಒಂದು, ಎಂಟು, ಒಂದು, ಒಂಬತ್ತು ಎಂದು ಬಿಡಿಬಿಡಿಯಾಗಿ ಹೇಳುವುದೇ ಲೇಸು. ವಿಮಾನದವರೂ ಅಂಕಿಗಳನ್ನು ಹೀಗೆ ಬಿಡಿಸಿಯೇ ಹೇಳುತ್ತಾರೆ. ಫೈವ್ ಜೊತೆ ಬೆರೆಯದಂತೆ ನೈನ್ ಅನ್ನು ‘ನೈನರ್’ ಎನ್ನುತ್ತಾರೆ.

ಪದ ಯಾವುದಾದರೂ ಆದೀತು, ಇಬ್ಬರಿಗೂ ಗೊತ್ತಿರುವುದಾಗಿರಬೇಕು. ತುರ್ತು ಕರೆಗಾಗಿ 112 ಒತ್ತುವ ಹಿನ್ನೀರಿನವರು ಮೊದಲು ತಾಲ್ಲೂಕು, ಬಳಿಕ ಹೋಬಳಿ, ಆಮೇಲೆ ಊರಿನ ಹೆಸರನ್ನು ಅಕ್ಷರ ಬಿಡಿಸಿ ಹೇಳಲಿ. ಎದುರಿನವರು ಅದನ್ನು ಮರಳಿ ಓದಿ ಹೇಳುವವರೆಗೆ ಫೋನ್ ಇಡದಿರಲಿ.