ಮೂಳೆ ಕೂಡಿಸಲು ಜೀನ್ ವರ್ಗಾವಣೆ: ಅಲ್ಪಾವಧಿಯ ಕೆಲಸವೇ ಸಾಕೆಂಬ ವಾದ

ಮುರಿದ ಮೂಳೆ ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ; ಅಪಘಾತದಲ್ಲೋ ಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲೋ ಮೂಳೆಯ ದೊಡ್ಡ ತುಂಡೇ ಇಲ್ಲವಾದಾಗ ಆ ಶಕ್ತಿ ಸಾಲದು. ಖನಿಜಾಂಶ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರೆ ಅಲ್ಲಿಯೂ ಹೊಸ ಮೂಳೆ ಹುಟ್ಟುತ್ತದೆಂದು ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದರು. ಇದಕ್ಕೆ ಕಾರಣವಾದ ಬಿಎಂಪಿ ಪ್ರೋಟೀನುಗಳ ಜೀನ್‌ಗಳು 1988ರಲ್ಲಿ ಪತ್ತೆಯಾದವು. ಕೊಲಾಜನ್ ಸ್ಪಂಜಿನಲ್ಲಿ ಬಿಎಂಪಿ-2 ನೆನೆಸಿ ಸೊಂಟದ ಬೆನ್ನೆಲುಬನ್ನು ಬೆಸೆಯಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2002ರಲ್ಲಿ ಅನುಮತಿ ಕೊಟ್ಟಿತು. ಆದರೆ ಸ್ಪಂಜಿನಿಂದ ಪ್ರೋಟೀನು ಬೇಗ ಹೊರಹೋಗುವುದರಿಂದ ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಕೊಡಬೇಕಾಗುತ್ತದೆ; ದೇಹ ತಾನಾಗಿ ಬಳಸುವ ಪ್ರಮಾಣಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ಕತ್ತಿನ ಭಾಗದಲ್ಲಿ ಬಳಸಿದಾಗ ಉಸಿರಾಟಕ್ಕೇ ತೊಡಕಾಗುವಂಥ ಊತ ಬಂದ ಪ್ರಕರಣಗಳ ಬಗ್ಗೆ ಎಫ್‌ಡಿಎ 2008ರಲ್ಲಿ ಎಚ್ಚರಿಸಿತು.

ಪ್ರೋಟೀನಿನ ಬದಲು ಅದರ ಜೀನನ್ನೇ ಮೂಳೆ ಕಟ್ಟುವ ಕೋಶಗಳಿಗೆ ಸೇರಿಸಿದರೆ ಆ ಕೋಶಗಳು ಬೇಕಾದ ಜಾಗದಲ್ಲೇ ಅಲ್ಪಪ್ರಮಾಣದಲ್ಲಿ, ಕೆಲವು ವಾರ ಬಿಡದೆ ಪ್ರೋಟೀನು ತಯಾರಿಸುತ್ತವೆ. ಲೀಬರ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಇಲಿಯ ಅಸ್ಥಿಮಜ್ಜೆಯ ಕೋಶಗಳಿಗೆ ಅಡಿನೋವೈರಸ್ ಮೂಲಕ ಬಿಎಂಪಿ-2 ಜೀನ್ ಸೇರಿಸಿ, ಆ ಕೋಶಗಳನ್ನು ತೊಡೆಮೂಳೆಯ ತುಂಡು ಇಲ್ಲವಾದ ಜಾಗಕ್ಕೆ ತುಂಬಿದರು. ನೇರವಾಗಿ ಪ್ರೋಟೀನು ಕೊಟ್ಟಾಗಲೂ ಮೂಳೆ ಕೂಡಿತು, ಆದರೆ ಅದು ತೆಳ್ಳಗೆ ಜಾಲರಿಯಂತಿತ್ತು. ಜೀನ್ ಪಡೆದ ಕೋಶಗಳು ಕಟ್ಟಿದ ಮೂಳೆ ದಪ್ಪವಾಗಿ, ಸಹಜ ಹೊರಪದರಕ್ಕೆ ಹತ್ತಿರವಾಗಿತ್ತು. ಅಡಿನೋವೈರಸ್ ತಂದ ಜೀನ್ ಕೋಶದ ವರ್ಣತಂತುವಿನಲ್ಲಿ ಸೇರಿಕೊಳ್ಳದೆ ಕಾಲಕ್ರಮದಲ್ಲಿ ಕಳೆದುಹೋಗುತ್ತದೆ. ಆಜನ್ಮ ರೋಗಗಳ ಚಿಕಿತ್ಸೆಯಲ್ಲಿ ದೋಷವಾದ ಈ ಗುಣ ಮೂಳೆಯ ವಿಷಯದಲ್ಲಿ ಗುಣವೇ ಸರಿ, ಏಕೆಂದರೆ ಮೂಳೆ ಕೂಡಿದ ಮೇಲೆ ಆ ಜೀನಿಗೆ ಕೆಲಸವಿಲ್ಲ.

ಇದಕ್ಕೆ ಆಕ್ಷೇಪಗಳು ಹಗುರವಲ್ಲ. 1999ರಲ್ಲಿ ಅಮೆರಿಕದಲ್ಲಿ ಯುವಕನೊಬ್ಬ ಅಡಿನೋವೈರಸ್ ಪ್ರಯೋಗದಲ್ಲಿ ಮೃತಪಟ್ಟ; ರೆಟ್ರೋವೈರಸ್ ಬಳಸಿದ ರೋಗನಿರೋಧಕ ಕೊರತೆಯ ಚಿಕಿತ್ಸೆಯಲ್ಲಿ ಕೆಲವು ಮಕ್ಕಳಿಗೆ ರಕ್ತಕ್ಯಾನ್ಸರ್ ಬಂತು. ಮೊದಲನೆಯದರಲ್ಲಿ ವೈರಸನ್ನು ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ನೇರವಾಗಿ ಹರಿಸಲಾಗಿತ್ತು. ಎರಡನೆಯದರಲ್ಲಿ ಜೀನ್ ವರ್ಣತಂತುವಿನಲ್ಲಿ ಶಾಶ್ವತವಾಗಿ ನೆಲೆಸಿತ್ತು. ಕೋಶಗಳನ್ನು ದೇಹದ ಹೊರಗೆ ಮಾರ್ಪಡಿಸಿ, ಅಲ್ಪಾವಧಿಯ ವಾಹಕ (ಜೀನನ್ನು ಕೋಶಕ್ಕೆ ಒಯ್ಯುವ ವೈರಸ್) ಬಳಸುವ ಕ್ರಮ ಈ ಎರಡು ಅಪಾಯಗಳನ್ನೂ ಬಹಳಷ್ಟು ತಗ್ಗಿಸುತ್ತದೆ. ಇಲಿಯ ಮೂಳೆ ಮನುಷ್ಯರದ್ದಕ್ಕಿಂತ ಬೇಗ ಕೂಡುತ್ತದೆಂಬ ಆಕ್ಷೇಪವನ್ನು ಮಾತ್ರ ವಾದದಿಂದ ತಳ್ಳಿಹಾಕಲಾಗದು. ದೊಡ್ಡ ಪ್ರಾಣಿಗಳಲ್ಲಿ ಪರೀಕ್ಷಿಸಿಯೇ ಉತ್ತರಿಸಬೇಕು.

ರಕ್ತನಾಳ ಬೆಳೆಸುವ ವಿಇಜಿಎಫ್ ಜೀನನ್ನು ಬಿಎಂಪಿ-4ರೊಂದಿಗೆ ಕೊಟ್ಟ 2002ರ ಪ್ರಯೋಗವೂ ಅಲ್ಪಪ್ರಮಾಣವೇ ಒಳ್ಳೆಯದೆಂಬ ದಿಕ್ಕನ್ನೇ ತೋರುತ್ತದೆ: ಹಿತಮಿತದ ವಿಇಜಿಎಫ್ ಮೂಳೆಯನ್ನು ಹೆಚ್ಚಿಸಿತು, ಅದರ ಪಾಲು ಅತಿಯಾದಾಗ ಫಲ ಕುಗ್ಗಿತು. ಆದ್ದರಿಂದ ಹೆಚ್ಚು ಪ್ರಬಲವಾದ ವಾಹಕವನ್ನು ಹುಡುಕುವುದಕ್ಕಿಂತ, ಪ್ರಮಾಣವನ್ನೂ ಅವಧಿಯನ್ನೂ ನಿಯಂತ್ರಿಸಬಲ್ಲ ವಾಹಕವನ್ನು ರೂಪಿಸುವುದೇ ಈ ಕ್ಷೇತ್ರದ ಮೊದಲ ಕರ್ತವ್ಯವಾಗಬೇಕು.