ಹತ್ತಿಗೆಂದು ಹಾಕಿದ ಹಳಿ

ಮುಂಬಯಿಯಲ್ಲಿ ನೆಲೆಸಿರುವ ನಂಟರನ್ನು ‘ಆಫೀಸಿನಿಂದ ಮನೆ ಎಷ್ಟು ದೂರ?’ ಎಂದು ಕೇಳಿ ನೋಡಿ. ಅವರು ಕಿಲೋಮೀಟರಿನ ಲೆಕ್ಕ ಹೇಳುವುದಿಲ್ಲ. ‘ಫಾಸ್ಟ್ ಲೋಕಲಿನಲ್ಲಿ ಮುಕ್ಕಾಲು ಗಂಟೆ’ ಎನ್ನುತ್ತಾರೆ. ದೂರವನ್ನು ರೈಲಿನ ಗಡಿಯಾರದಿಂದ ಅಳೆಯುವುದು ಆ ನಗರದ ವಾಡಿಕೆ. ಆದರೆ ಆ ಹಳಿಗಳನ್ನು ಮೊದಲು ಹಾಕಿಸಿದವರ ಮನಸ್ಸಿನಲ್ಲಿ ನಮ್ಮ ನಂಟರಂಥವರು ಇರಲೇ ಇಲ್ಲ.

1853ರ ಏಪ್ರಿಲ್ 16ರಂದು 14 ಗಾಡಿಗಳ ರೈಲೊಂದು 400 ಮಂದಿ ಅತಿಥಿಗಳನ್ನು ಹೊತ್ತು ಬೋರಿಬಂದರಿನಿಂದ ಠಾಣೆಗೆ ಹೊರಟಿತು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು ಅದನ್ನು ಎಳೆದವು. ದಾರಿ 34 ಕಿಲೋಮೀಟರು ಮಾತ್ರ. ಆದರೆ ಜಿ.ಐ.ಪಿ. ರೈಲ್ವೆ ಕಂಪನಿಯ ಗುರಿ ಠಾಣೆಯಾಗಿರಲಿಲ್ಲ. ಸಹ್ಯಾದ್ರಿಯ ಆಚೆಗಿನ ಎರೆಭೂಮಿಯಾಗಿತ್ತು. ಅಲ್ಲಿಯ ಹತ್ತಿ ಬಂದರಿಗಿಳಿದು ಲ್ಯಾಂಕಶೈರಿನ ಗಿರಣಿಗಳನ್ನು ಮುಟ್ಟಬೇಕಾಗಿತ್ತು. ಎತ್ತಿನ ಮೇಲೆ ಹೇರಿ ತಂದರೆ ವಾರಗಟ್ಟಲೆ ಹಿಡಿಯುತ್ತಿತ್ತು. ನಡುವೆ ಮಳೆ ಬಂದರೆ ಮಾಲು ಹಾಳು. ಆದ್ದರಿಂದ 1863ರಲ್ಲಿ ಬೋರ್ ಘಾಟಿಯನ್ನೂ 1865ರಲ್ಲಿ ಥಳ್ ಘಾಟಿಯನ್ನೂ ರೈಲು ಏರಿತು. ಬಂಡೆ ಸೀಳಿದ ಕೂಲಿಗಳಲ್ಲಿ ಸಾವಿರಾರು ಮಂದಿ ಬೇನೆಗೂ ಅಪಘಾತಕ್ಕೂ ತುತ್ತಾದರು. ಮಧ್ಯ ರೈಲ್ವೆಯ ಲೋಕಲುಗಳು ಇಂದಿಗೂ ಆ ಘಾಟಿಗಳ ಬುಡದಲ್ಲಿರುವ ಕರ್ಜತ್, ಕಸಾರಾಗಳವರೆಗೆ ಹೋಗಿ ನಿಲ್ಲುತ್ತವೆ.

ಹತ್ತಿ ಬಂದಲ್ಲಿಗೆ ಗಿರಣಿಯೂ ಬಂದಿತು. 1856ರಲ್ಲಿ ಕಾವಸ್‌ಜಿ ದಾವರ್ ಅವರ ಗಿರಣಿ ಕೆಲಸ ತೊಡಗಿದ ಮೇಲೆ ಒಂದರ ಹಿಂದೆ ಒಂದು ಚಿಮಣಿ ಎದ್ದು ನಿಂತವು. ಗಿರಣಿಗೆ ಕೂಲಿಗಳು ಬೇಕು, ಲೆಕ್ಕ ಬರೆಯಲು ಗುಮಾಸ್ತರು ಬೇಕು, ಇವರೆಲ್ಲರಿಗೂ ಊಟ ಬೇಕು. ಊರಿಗೆ ಎರಡು ಕಡೆಯೂ ನೀರು. ಬೆಳೆಯುವುದಾದರೆ ಉತ್ತರಕ್ಕೇ ಬೆಳೆಯಬೇಕು. 1867ರಲ್ಲಿ ವಿರಾರಿನಿಂದ ದಿನಕ್ಕೆ ಹೋಗಿಬರುತ್ತಿದ್ದುದು ಒಂದೇ ಗಾಡಿ. ಅರುವತ್ತು ವರ್ಷ ಕಳೆಯುವುದರೊಳಗೆ ಉಗಿಬಂಡಿಗೆ ಆ ಜನಸಂದಣಿ ಹೊರಲಾರದ ಹೊರೆಯಾಯಿತು. ಹೆಜ್ಜೆಹೆಜ್ಜೆಗೆ ನಿಂತು ಮತ್ತೆ ತಟ್ಟನೆ ವೇಗ ಹಿಡಿಯುವ ಕೆಲಸಕ್ಕೆ ವಿದ್ಯುತ್ತೇ ಲೇಸು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, 1928ರಲ್ಲಿ ಕೊಲಾಬಾದಿಂದ ಬೋರಿವಲಿಗೆ ವಿದ್ಯುತ್ ರೈಲು ಓಡಿತು. ಸರಕಿನ ಹಾದಿ ಹೀಗೆ ಜನರ ಹಾದಿಯಾಯಿತು.

ಆದರೆ ಘಾಟಿ ಏರಿದ ಈ ರೈಲು ಕರಾವಳಿಗೆ ಬೆನ್ನು ತಿರುಗಿಸಿಯೇ ನಿಂತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗಲೂ ಅಧಿಕಾರಿಗಳ ಕಣ್ಣಿದ್ದದ್ದು ಧಾರವಾಡ ಸೀಮೆಯ ಹತ್ತಿ ಮತ್ತು ಕಾರವಾರದ ಬಂದರಿನ ಮೇಲೆ. ಜಿಲ್ಲೆ ಮುಂಬಯಿಗೆ ಸೇರಿತು, ರೈಲು ಮಾತ್ರ ಬರಲಿಲ್ಲ. ಮಂಗಳೂರಿಗೆ 1907ರಲ್ಲಿ ರೈಲು ಬಂದರೂ ಅದು ಬಂದದ್ದು ಮಲಬಾರಿನ ಕಡೆಯಿಂದ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಹುಡುಗರು ಹಡಗು ಹತ್ತಿ ಹೋದವರು. ಮಳೆಗಾಲದಲ್ಲಿ ಅದೂ ಇಲ್ಲ. ಉಳಿದದ್ದೆಂದರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ, ಪುಣೆಯಲ್ಲಿ ಗಾಡಿ ಬದಲಿಸುವ ಸುತ್ತುದಾರಿ.

ಸ್ವಾತಂತ್ರ್ಯಾನಂತರ 1964ರಲ್ಲಿ ದಿವಾದಿಂದ ಪನ್ವೇಲಿಗೆ, 1986ರಲ್ಲಿ ರೋಹಾಕ್ಕೆ ಹಳಿ ಮುಟ್ಟಿತು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸರು ಆಗ ರೈಲ್ವೆ ಸಚಿವರು. ನಿಗಮದ ಹೊಣೆ ಹೊತ್ತವರು ಇ. ಶ್ರೀಧರನ್. 1998ರಲ್ಲಿ ಕರಾವಳಿಯ ಹಾದಿ ಪೂರ್ತಿಯಾಯಿತು. ಊರಿನಿಂದ ಹೊರಟವರು ಇಂದು ಪನ್ವೇಲಿನಲ್ಲೋ ಠಾಣೆಯಲ್ಲೋ ಇಳಿದು, ಗಂಟುಮೂಟೆಯೊಡನೆ ಲೋಕಲ್ ಹಿಡಿಯುತ್ತಾರೆ. ಮೊದಲ ರೈಲು ಠಾಣೆ ಮುಟ್ಟಿದಂದಿನಿಂದ ಈ ಕೂಡುದಾರಿಗೆ ಹಿಡಿದದ್ದು 145 ವರ್ಷ.

ಈ ನಡುವೆ ಗಿರಣಿಗಳು ಮುಚ್ಚಿಹೋದವು. 1982ರ ಮುಷ್ಕರದ ಅನಂತರ ಅವು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ನೆಲದಲ್ಲಿ ಕಚೇರಿಗಳು ಎದ್ದವು. ಹಳೆಯ ಇಕ್ಕಟ್ಟಿನ ಕಾಲುಸೇತುವೆ ಮಾತ್ರ ಇದ್ದಂತೆಯೇ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆ ಸುರಿಯುತ್ತಿದ್ದಾಗ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ 23 ಮಂದಿ ಸತ್ತರು. ಅವರೆಲ್ಲ ಹೊತ್ತಿಗೆ ಸರಿಯಾಗಿ ಕೆಲಸ ಮುಟ್ಟಬೇಕೆಂದು ಹೊರಟಿದ್ದ ಸಾಮಾನ್ಯ ಜನ. ಅಂದು ಹತ್ತಿ ನೆನೆಯಬಾರದೆಂದು ಬೆಟ್ಟವನ್ನೇ ಕೊರೆಸಿದ ಆಡಳಿತಕ್ಕೂ, ಜನ ನಡೆಯುವ ಒಂದು ಮೆಟ್ಟಿಲನ್ನು ಹೊತ್ತಿಗೆ ಅಗಲಿಸದ ಆಡಳಿತಕ್ಕೂ ನಡುವೆ ಒಂದೂವರೆ ಶತಮಾನವಿದೆ. ಹೊಸ ಹಳಿಗಳ ನಕ್ಷೆ ಬರೆಯುವವರು ಸರಕಿಗಿಂತ ಮೊದಲು ಮನುಷ್ಯರನ್ನು ಎಣಿಸುವುದು ಮೇಲು.